ಬ್ರಷ್ ಅಂಗಡಿಯ ಕಂದು ಬಣ್ಣ

ಕಣ್ಣು ಮಾಡುವವನಿಗೆ ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಕಣ್ಣು ಮಾಡುವವನೆಂದರೆ ಗಾಬರಿ ಬೇಡ. ಪೆಟ್ಟು ಬಿದ್ದೋ ಕಾಯಿಲೆಯಿಂದಲೋ ಒಂದು ಕಣ್ಣು ಕಳೆದುಕೊಂಡವರಿಗೆ, ಉಳಿದ ಕಣ್ಣಿಗೆ ಜೋಡಿಯಾಗುವಂಥ ಕೃತಕ ಕಣ್ಣು ಮಾಡಿಕೊಡುವುದು ಅವನ ಕಸುಬು. ಅಂಗಿಯ ಗುಂಡಿಯಷ್ಟಗಲದ ಬಿಲ್ಲೆಯ ಮೇಲೆ ಕೂದಲೆಳೆಯಂಥ ಬ್ರಷ್ಷಿನಿಂದ ಪಾಪೆಯ ಸುತ್ತಲಿನ ಬಣ್ಣ ತುಂಬಬೇಕು, ಬಿಳಿಯಲ್ಲಿ ಕೆಂಪು ರೇಷ್ಮೆಯ ಎಳೆ ಕೂರಿಸಿ ನರ ಮಾಡಬೇಕು. ಉಸಿರು ಬಿಗಿಹಿಡಿದು ಮಾಡುವ ಕೆಲಸ ಅದು.

ಆ ಬ್ರಷ್ಷು ಒಂದೇ ಅಂಗಡಿಯಲ್ಲಿ ಸಿಗುತ್ತದೆಂದು ಅವನು ಅಕ್ಕನಿಗೆ ಹೇಳುತ್ತಿದ್ದ. ಅಪ್ಪಟ ಸುಳ್ಳು. ಮನೆಯ ಪಕ್ಕದ ಬೀದಿಯಲ್ಲೇ ಸಿಗುತ್ತಿತ್ತು. ಆದರೂ ಶುಕ್ರವಾರ ಸಂಜೆ ಬಂತೆಂದರೆ ಬಸ್ಸು ಹತ್ತಿ ಊರಿನ ಇನ್ನೊಂದು ತುದಿಗೆ ಹೋಗುತ್ತಿದ್ದ. ಆ ಅಂಗಡಿಯ ಬಾಗಿಲು ತಳ್ಳಿದರೆ ಹೆರೆದ ಪೆನ್ಸಿಲ್ಲಿನ ಘಮ, ಹೊಸ ಕಾಗದದ ಘಮ. ಕಿಟಕಿಯಲ್ಲಿ ಸಾಲಾಗಿಟ್ಟ ಶಾಯಿ ಬಾಟಲಿಗಳನ್ನು ಹಾದು ಬಂದ ಬಿಸಿಲು ನೆಲದ ಮೇಲೆ ನೇರಳೆ, ಹಸಿರಾಗಿ ಹರಡಿರುತ್ತಿತ್ತು. ಅದನ್ನು ತುಳಿಯಲು ಮನಸ್ಸಾಗದೆ ಅವನು ಬದಿಯಿಂದ ನಡೆಯುತ್ತಿದ್ದ.

ಅಂಗಡಿಯಾಕೆ ಅವನದೇ ವಯಸ್ಸಿನವಳು, ಗಂಡನನ್ನು ಕಳೆದುಕೊಂಡು ಬಹಳ ವರ್ಷವಾಗಿತ್ತು. ಕೊಳ್ಳುವ ಮೊದಲು ಬ್ರಷ್ಷನ್ನು ನೀರಿನಲ್ಲಿ ಅದ್ದಿ ಕೌಂಟರಿನ ಹಾಳೆಯ ಮೇಲೆ ಒಂದು ಗೆರೆ ಎಳೆದು ನೋಡುವುದು ಅಲ್ಲಿಯ ವಾಡಿಕೆ. ಆಕೆ ಲೋಟದಲ್ಲಿ ನೀರಿಟ್ಟು, "ಎಳೀರಿ ಕಣ್ಣಿನವರೇ" ಎನ್ನುತ್ತಿದ್ದಳು. ಅವನು ನಿಧಾನಕ್ಕೆ, ಬಹಳ ನಿಧಾನಕ್ಕೆ ಗೆರೆ ಎಳೆಯುತ್ತಿದ್ದ. ನಡುನಡುವೆ ತಲೆಯೆತ್ತಿ ಆಕೆಯನ್ನು ನೋಡುತ್ತಿದ್ದ. ಹೇಳಬೇಕೆಂದಿದ್ದ ಮಾತು ಬಿಟ್ಟು ಬ್ರಷ್ಷಿನ ಬೆಲೆ ಕೇಳುತ್ತಿದ್ದ. ಮಾತಿನ ಬದಲು ಮತ್ತೊಂದು ಬ್ರಷ್ಷು ಮನೆಗೆ ಬರುತ್ತಿತ್ತು. "ಇನ್ನೊಂದಿಷ್ಟು ತಂದ್ಬಿಡು, ಪೊರಕೆ ಕಟ್ಕೋತೀನಿ" ಎನ್ನುತ್ತಿದ್ದಳು ಅಕ್ಕ.

ಹೀಗಿರುವಾಗ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಕಣ್ಣು ಮಾಡಿಸಲು ಬಂದಳು. ಅವನು ಮಾಡಿಕೊಟ್ಟದ್ದನ್ನು ಹಾಕಿಕೊಂಡು ಕನ್ನಡಿಯಲ್ಲಿ ಬಹಳ ಹೊತ್ತು ನೋಡಿದಳು.

"ತುಂಬ ಚೆನ್ನಾಗಿದೆ ಸಾರ್. ಆದ್ರೆ ನಂದಲ್ಲ ಇದು."

ಬೆಳಕಿಗೆ ಕೂರಿಸಿ ನೋಡಿದರೆ ಆಕೆ ಹೇಳಿದ್ದು ನಿಜ. ಆಕೆಯದು ಕಪ್ಪೇ ಎನ್ನಬಹುದಾದ ಕಣ್ಣು. ಇವನು ಬರೆದದ್ದು ತಿಳಿಗಂದು, ಪಾಪೆಯ ಸುತ್ತ ಜೇನುಬಣ್ಣದ ಬಳೆ. ಇನ್ನೊಂದು ಮಾಡಿದ. ಅದರಲ್ಲೂ ಅದೇ ಬಳೆ. "ಕಣ್ಣಿಗೆ ಪಟ್ಟಿ ಕಟ್ಕೊಂಡು ಎಷ್ಟು ದಿನ ಅಂತ ಮನೇಲಿ ಬಚ್ಚಿಟ್ಕೊಳ್ಳಲಿ ಸಾರ್?" ಎಂದು ಆಕೆ ಅತ್ತಳು. ಅವನಿಗೆ ನಾಚಿಕೆಯಾಯಿತು.

ಅಕ್ಕ ಅವನ ಮಾದರಿಗಳ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೆದಕಿದಳು.

"ಈಚೆಗೆ ಮಾಡಿದ್ದೆಲ್ಲಾ ಒಂದೇ ಥರ ಇದೆಯಲ್ಲೋ! ಇದು ನೀನು ಶುಕ್ರವಾರ ಶುಕ್ರವಾರ ನೋಡೋಕೆ ಹೋಗೋ ಆ ಬ್ರಷ್ ಅಂಗಡಿಯವಳ ಕಣ್ಣಲ್ವೇನೋ?"

"ನಂಗೇನು ಗೊತ್ತು?"

"ನಿಂಗೆ ಗೊತ್ತಿಲ್ಲ. ನಿನ್ನ ಕೈಗೆ ಗೊತ್ತು."

ಹೌದಲ್ಲ! ಕಂದುಗಣ್ಣಿನ ಗಿರಾಕಿಗಳು ಹೆಚ್ಚುಕಮ್ಮಿಯನ್ನು ಗಮನಿಸದೆ ಹಾಕಿಕೊಂಡು ಹೋಗಿದ್ದರು, ಅಷ್ಟೇ. ಕೈ ಆ ಕಣ್ಣನ್ನು ಮರೆಯಲೆಂದು ಅವನು ಅಂಗಡಿಗೆ ಹೋಗುವುದನ್ನು ನಿಲ್ಲಿಸಿದ. ಶುಕ್ರವಾರಗಳು ಬಂದವು, ಹೋದವು. ಬಸ್ಸಿನ ಸದ್ದು ಕೇಳಿದಾಗಲೆಲ್ಲ ಅವನಿಗೆ ಸಂಕಟವಾಗುತ್ತಿತ್ತು. ಹೊಲಿಗೆಯವಳನ್ನು ಎದುರಿಗೆ ಕೂರಿಸಿಕೊಂಡು ಆಕೆಯೊಬ್ಬಳನ್ನೇ ನೋಡುತ್ತ ಬರೆದ. ಕೊನೆಗೊಂದು ದಿನ ಆಕೆ ಕನ್ನಡಿ ನೋಡಿ ಕೂದಲು ಸರಿಮಾಡಿಕೊಂಡಳು, ಪಟ್ಟಿಯನ್ನು ಮೇಜಿನ ಮೇಲೇ ಬಿಟ್ಟು ನಗುತ್ತ ಹೋದಳು.

ಅವನಿಗೂ ಖುಷಿಯಾಗಬೇಕಿತ್ತು. ಆಗಲಿಲ್ಲ. ಬಿಲ್ಲೆ ತೆಗೆದುಕೊಂಡು ಆ ತಿಳಿಗಂದು ಬರೆಯಲು ಕೂತ. ಬರಲಿಲ್ಲ. ಜೇನುಬಣ್ಣ ಎಷ್ಟು ಕಲಸಿದರೂ ಹೊಂದಲಿಲ್ಲ. ಕೈ ಮರೆತೇಬಿಟ್ಟಿತ್ತು. ಅವನು ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಓಡಿದ. ಅವತ್ತು ಶುಕ್ರವಾರವೂ ಅಲ್ಲ.

"ಏನು ಕಣ್ಣಿನವರೇ, ಬೇರೆ ಅಂಗಡಿ ಸಿಕ್ತಾ?" ಆಕೆಯ ದನಿಯಲ್ಲಿ ಮುನಿಸಿತ್ತು. ಆದರೂ ನೀರಿನ ಲೋಟ ಮುಂದಿಟ್ಟಳು.

"ಬ್ರಷ್ ಬೇಡ," ಎಂದ ಅವನು ಏದುಸಿರು ಬಿಡುತ್ತ. "ನಿಮ್ಮ ಕಣ್ಣಿನ ಬಣ್ಣ ಮರೆತುಹೋಯ್ತು. ನೋಡೋಕೆ ಬಂದೆ."

ಆಮೇಲೆ ನಿಂತಲ್ಲೇ ಎಲ್ಲವನ್ನೂ ಹೇಳಿದ. ಆಕೆ ಕನ್ನಡಕ ತೆಗೆದಳು.

"ಅಂದ್ರೆ ನನ್ನ ಕಣ್ಣು ಹಾಕ್ಕೊಂಡು ಊರಲ್ಲಿ ಜನ ಓಡಾಡ್ತಿದ್ದಾರಾ?"

"ಆರೇಳು ಜನ ಇರಬಹುದು. ದಪ್ಪ ಮೀಸೆಯ ಪೊಲೀಸರೂ ಒಬ್ಬರಿದ್ದಾರೆ."

ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಕಣ್ಣೊರೆಸಿಕೊಂಡಳು.

"ಆ ಕಣ್ಣಿಗೆ ಏನಾದ್ರೂ ಕಾಣುತ್ತಾ?"

"ಇಲ್ಲ."

"ಹಾಗಾದ್ರೆ ನೋಡಿದ್ದು ನೀವೊಬ್ರೇ." ಆಕೆ ನೀರಿನ ಲೋಟವನ್ನು ಬದಿಗಿಟ್ಟಳು. "ಇವರು ಬರೋದು ಬರೀ ಬ್ರಷ್ಷಿಗೆ ಅಂತ ನಾನು ಇಷ್ಟು ವರ್ಷ ಬೇಜಾರು ಮಾಡ್ಕೊಂಡಿದ್ದೆ ಕಣ್ರೀ."

ಆಕೆ ಕೌಂಟರಿನ ದಾರಿಗೆ ಅಡ್ಡವಿದ್ದ ಮಡಿಸುವ ಹಲಗೆಯನ್ನು ಎತ್ತಿ ಹಿಡಿದಳು. ಅವನು ಒಳಗೆ ಹೋದ.