ನಾನು ಟಫ್ ಅಂತೆ

ಫ್ರೆಂಡ್ಸ್, ಇವತ್ತು ನಾನು ಸೂಪರ್‌ವೈಸರ್ ಕುರ್ಚಿಯಲ್ಲಿ ಕೂತೆ. ಕಾರಣ ಒಂದು ಇಂಗ್ಲಿಷ್ ಪದ.

ಗೆಜ್ಜಲಗೆರೆಯ ನಮ್ಮ ಗಾರ್ಮೆಂಟ್ಸ್‌ನಲ್ಲಿ ಹೊಲಿದ ಶರ್ಟುಗಳನ್ನು ನಿಂತೇ ಚೆಕ್ ಮಾಡಬೇಕು. ಆ ಟೇಬಲ್ಲಿಗೆ ವಾರಕ್ಕೊಬ್ಬರಂತೆ ಸರದಿ. ನನ್ನ ವಾರ ಮುಗಿದು ಎಷ್ಟೋ ದಿನವಾಗಿದೆ. ಬೆಳಿಗ್ಗೆ ಕೂತು ಮಾಡುವ ಕೆಲಸಕ್ಕೆ ಹೊರಟರೆ ಸೂಪರ್‌ವೈಸರ್ ಮತ್ತೆ ಅಡ್ಡ ಬಂದರು.

"ಈ ವಾರಾನೂ ನೀವೇ ನಿಂತ್ಕಳಿ ಅಕ್ಕ. ನೀವು ಟಫ್."

"ಟಫ್ ಅಂದ್ರೇನು ಸಾ?"

"ಏನೇ ಆದ್ರೂ ತಡ್ಕಳೋರು. ನೀವು ಒಂದಿನಾನೂ ಕಾಲು ನೋವು ಅಂದಿಲ್ವಲ್ಲ."

"ಅನ್ನದೆ ಇದ್ರೆ ನೋವೇ ಇಲ್ಲ ಅಂತಾನಾ?"

ಪಕ್ಕದ ಸವಿತಾ ನನ್ನ ತೋಳು ಜಗ್ಗಿದಳು. "ಸುಮ್ಕಿರಕ್ಕ, ಕೆಲ್ಸದಿಂದ ತೆಗೆದ್ಬುಟ್ಟಾರು."

ತೆಗೆಯಲಿ ಅಂದುಕೊಂಡೆ. ಅವರ ಕುರ್ಚಿಯನ್ನೇ ಟೇಬಲ್ ಹತ್ತಿರ ಎಳೆದು ಕೂತು, ಶರ್ಟಿನ ಕಾಲರ್ ತಿರುಗಿಸಿ ನೋಡತೊಡಗಿದೆ.

"ಅದು ನನ್ ಕುರ್ಚಿ."

"ಗೊತ್ತು ಸಾ. ನಮ್ ನಿಡಘಟ್ಟದಲ್ಲಿ ಟಫ್ ಆಗಿರೋಳ್ನ ಗಟ್ಟಿಗಿತ್ತಿ ಅಂತಾರೆ. ಗಟ್ಟಿಗಿತ್ತಿ ತಂಟೆಗೆ ಯಾರೂ ಓಗಕ್ಕಿಲ್ಲ."

ಇಡೀ ಲೈನು ಮಿಷಿನ್ ನಿಲ್ಲಿಸಿ ನಮ್ಮನ್ನೇ ನೋಡುತ್ತಿತ್ತು. ಅವರು ಕುರ್ಚಿ ಕಿತ್ತುಕೊಳ್ಳಲೂ ಆಗದೆ, ಜಾಗ ಬಿಟ್ಟು ಹೋಗಲೂ ಆಗದೆ ಊಟದ ಬೆಲ್ಲು ಹೊಡೆಯುವವರೆಗೆ ಅಲ್ಲೇ ನಿಂತಿದ್ದರು.

ಅಷ್ಟು ಹೊತ್ತಿನಲ್ಲಿ ಒಂದು ಸಲವೂ ಕಾಲು ನೋವು ಅನ್ನಲಿಲ್ಲ. ಟಫ್ ಮನುಷ್ಯ. ಮುಂದಿನ ವಾರ ಆ ಟೇಬಲ್ಲಿಗೆ ನಾನು ಅವರ ಹೆಸರನ್ನೇ ಹೇಳಿ ಬಂದಿದ್ದೇನೆ.