ಡ್ರೈವರ್ ಸೀಟು

ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಪ್ರೂಫ್ ತಿದ್ದಿ ನಿವೃತ್ತರಾದ ಈ ಕಥೆಯ ಯಜಮಾನರು ತಮ್ಮ ಹಳೆಯ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರನ್ನು ಬಿಚ್ಚಿ ಹಾಕಿದ್ದು ಮೂರೇ ವಾರದಲ್ಲಿ. ಜೋಡಿಸಲು ಹೊರಟು ಇದು ನಾಲ್ಕನೆಯ ವರ್ಷ. ಬಾನೆಟ್ಟು ಮಂಚದ ಕೆಳಗಿದೆ, ಕಾರ್ಬ್ಯುರೇಟರ್ ಅಡುಗೆಮನೆಯ ಕಪಾಟಿನಲ್ಲಿದೆ, ಹೆಂಡತಿ ಸಕ್ಕರೆ ಡಬ್ಬಿಗೆ ಕೈ ಹಾಕಿದರೆ ವಾಷರು ಸಿಗುತ್ತದೆ. ಒಂದು ಒತ್ತಕ್ಷರ ಹೆಚ್ಚಾದರೂ ಸಹಿಸದಿದ್ದ ಮನುಷ್ಯ ಈಗ ಹಿಡಿಗಟ್ಟಲೆ ನಟ್ಟು ಉಳಿದರೂ, “ಒಳ್ಳೇದೇ ಆಯ್ತು ಬಿಡು, ಗಾಡಿ ಹಗುರಾಗುತ್ತೆ,” ಎನ್ನುತ್ತಾರೆ. ಕೇಳಿದವರಿಗೆಲ್ಲ “ಇನ್ನೇನು, ಬರೋ ತಿಂಗಳು” ಎಂಬ ಒಂದೇ ಉತ್ತರ. ಬಿಚ್ಚಿದ ಭಾಗಗಳನ್ನು ತುಂಬಿಟ್ಟ ಡಬ್ಬಿಗಳಿಗೆ ಹೆಸರಿನ ಚೀಟಿ ಅಂಟಿಸುವುದನ್ನು ಮಾತ್ರ ಅವರು ಎಂದೂ ತಪ್ಪಿಸಿಲ್ಲ; ಮೊದಲ ವರ್ಷದ ಚೀಟಿಗಳಲ್ಲಿ ಇರುವೆ ಸಾಲಿನಂಥ ಅಕ್ಷರ, ಈ ವರ್ಷದವುಗಳಲ್ಲಿ ಹೆಬ್ಬೆರಳ ಗಾತ್ರದ ಅಕ್ಷರ. ಇನ್ನು ಮೇಲೆ ಗಾಡಿ ಓಡಿಸಕೂಡದು ಎಂದು ಕಣ್ಣಿನ ಡಾಕ್ಟರು ಹೇಳಿದ ಮಾತನ್ನು ಗಂಡ ಹೆಂಡತಿ ಇಬ್ಬರೂ ಎತ್ತುವುದಿಲ್ಲ. ಬೈದು ಬೈದು ಹೆಂಡತಿಗೂ ಸಾಕಾಗಿದೆ. ಮೊನ್ನೆ ಇಡೀ ದಿನ ಒದ್ದಾಡಿ ಡ್ರೈವರ್ ಸೀಟು ಕೂರಿಸಿದರು. ನೋಡಿದರೆ ಅದು ಒಂದು ಗೇಣು ಮುಂದೆ ಬಂದಿದೆ, ಅವರ ಉದ್ದನೆಯ ಕಾಲು ಎಷ್ಟು ಮಡಚಿದರೂ ಒಳಗೆ ಹಿಡಿಸುವಂತಿಲ್ಲ. “ಇದೂ ತಪ್ಪಾಯ್ತಲ್ರೀ, ಮತ್ತೆ ಬಿಚ್ಚಿ,” ಎಂದು ನಿಟ್ಟುಸಿರು ಬಿಟ್ಟು, ತಪ್ಪು ತೋರಿಸಲು ಹೆಂಡತಿ ತಾನೇ ಹತ್ತಿ ಕೂತಳು. ಅವಳ ಗಿಡ್ಡ ಕಾಲು ನೇರವಾಗಿ ಕ್ಲಚ್ಚಿನ ಮೇಲೆ ಹೋಗಿ ನಿಂತಿತು. “ತಪ್ಪಲ್ಲ ಕಣೆ, ನಿನ್ನ ಅಳತೆ,” ಎಂದ ಯಜಮಾನರು, ಪಕ್ಕದಲ್ಲಿ ಇನ್ನೂ ಸೀಟು ಬಾರದ ಜಾಗದಲ್ಲಿ ಡಬ್ಬಿಯೊಂದನ್ನು ಬೋರಲು ಹಾಕಿ, ತಡವಿ ನೋಡಿ ಕುಳಿತುಕೊಂಡರು.