ಹೆಬ್ಬೆರಳಿನ ಗುಳಿ

ದೇವರು, ದೆವ್ವ, ಶಕುನದ ಮಾತು ಬಂದರೆ ಎದ್ದು ಚಹಾ ಮಾಡಲು ಹೋಗುವವಳು ನಾನು. ಇಪ್ಪತ್ತು ವರ್ಷದಿಂದ ಸಿಂಧನೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಯಾರಾದರೂ 'ನಮ್ಮ ಮನ್ಯಾಗ ಹಿಂಗಾತು ನೋಡ್ರಿ' ಎಂದು ಶುರು ಮಾಡಿದರೆ ಅದಕ್ಕೊಂದು ಕಾರಣ ಹುಡುಕಿ ಕೊಟ್ಟು ಅವರ ಖುಷಿ ಕೆಡಿಸುವುದು ನನಗೊಂದು ಚಟವೇ ಆಗಿತ್ತು. ಹಾಗಾಗಿ ಈಗ ನಾನು ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನಮ್ಮ ಅತ್ತೆ ಸಂತೆಕಲ್ಲೂರಿನವರು. ಅವರ ಮನೆಯ ದೇವರ ಜಗಲಿಯ ಮೇಲೆ ಗೇಣಿಗಿಂತ ಚಿಕ್ಕದಾದ ಹಿತ್ತಾಳೆಯ ಅನ್ನಪೂರ್ಣೆ ಇದ್ದಳು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಬೋಗುಣಿ. ಚಕ್ರವಿಲ್ಲ, ತ್ರಿಶೂಲವಿಲ್ಲ. ಹಸಿವನ್ನು ಕೊಲ್ಲಲು ಸೌಟೊಂದು ಸಾಕು ಎನ್ನುತ್ತಿದ್ದರು ಅತ್ತೆ. ಅವಳನ್ನು ಬರಿಯ ಮಣೆಯ ಮೇಲೆ ಇಡುವಂತಿಲ್ಲ. ಬಟ್ಟಲು ತುಂಬ ಜೋಳ ಹಾಕಿ, ಅದರ ಮೇಲೆ ಕೂರಿಸಬೇಕು. ಮುಂದಿನ ಶುಕ್ರವಾರ ಆ ಜೋಳ ತೆಗೆದು ಬೀಸುವ ಜೋಳಕ್ಕೆ ಬೆರೆಸಿ, ಬಟ್ಟಲಿಗೆ ಹೊಸದನ್ನು ತುಂಬಬೇಕು. ನಾವು ಸಿಂಧನೂರಿಗೆ ಬಂದು ಅನ್ನಕ್ಕೆ ಒಗ್ಗಿಕೊಂಡೆವು. ಅನ್ನಪೂರ್ಣೆಗೂ ಅಕ್ಕಿ ಹಾಕಬಹುದಲ್ಲ ಎಂದು ನಾನು ಒಮ್ಮೆ ಹೇಳಿ ಬೈಸಿಕೊಂಡಿದ್ದೆ.

ಅವಳನ್ನು ತೊಳೆಯುವುದೂ ಶುಕ್ರವಾರವೇ. ಹುಣಸೆಹಣ್ಣು, ಒಲೆಯ ಬೂದಿ, ಕೊನೆಗೆ ಒಣ ಅರಿವೆ. ಚಿಕ್ಕಂದಿನಲ್ಲಿ ಜೋಳ ಕೊಯ್ಯುವಾಗ ಕುಡುಗೋಲು ತಾಗಿ ಅತ್ತೆಯ ಎಡಗೈ ಹೆಬ್ಬೆರಳು ಓರೆಯಾಗಿದೆ. ಆ ಓರೆ ಬೆರಳನ್ನು ದೇವಿಯ ಬೆನ್ನಿಗೆ, ಜಡೆಯ ಪಕ್ಕದಲ್ಲಿ ಒತ್ತಿ ಹಿಡಿದು ಬಲಗೈಯಿಂದ ತಿಕ್ಕುತ್ತಿದ್ದರು. ನಲವತ್ತು ವರ್ಷ ತಿಕ್ಕಿ ತಿಕ್ಕಿ ದೇವಿಯ ಕಣ್ಣು ಮೂಗು ಸವೆದುಹೋಗಿದ್ದವು. ಬೆನ್ನ ಮೇಲೆ ಆ ಹೆಬ್ಬೆರಳಿನದೇ ಅಳತೆಯ ಒಂದು ಓರೆ ಗುಳಿ ಬಿದ್ದಿತ್ತು.

ಆರು ವರ್ಷದ ಹಿಂದೆ ನಮ್ಮ ಹೊಸ ಮನೆ ಮುಗಿಯಿತು. ಮನೆ ಓಪನಿಂಗಿಗೆ ಇಪ್ಪತ್ತು ದಿನ ಇರುವಾಗ ಅತ್ತೆ ಅನ್ನಪೂರ್ಣೆಯನ್ನು ಉಡಿಯಲ್ಲಿಟ್ಟುಕೊಂಡು ನಮ್ಮ ಬಾಡಿಗೆ ಮನೆಗೆ ಬಂದಿಳಿದರು. ಅವಳನ್ನು ಫಳಫಳ ಹೊಳೆಯಿಸಿ ಅತ್ತೆಯಿಂದ ಶಹಬ್ಬಾಸ್ ಅನ್ನಿಸಿಕೊಳ್ಳುವ ಹುಕಿ ನನಗೆ. ಅತ್ತೆ ಹೊಸ ಮನೆಯ ಬಣ್ಣ ನೋಡಲು ಹೋದ ಹೊತ್ತಿನಲ್ಲಿ, ಬಚ್ಚಲು ತೊಳೆಯುವ ಆ್ಯಸಿಡ್ಡನ್ನು ಬಕೆಟ್ಟಿಗೆ ಸುರಿದು, ಐದೇ ನಿಮಿಷ ಎಂದುಕೊಂಡು ದೇವಿಯನ್ನು ಮುಳುಗಿಸಿದೆ. ಅಷ್ಟರಲ್ಲಿ ಶಾಲೆಯಿಂದ ಫೋನು ಬಂತು. ಓಡಿದೆ. ಬಕೆಟ್ಟು ನೆನಪಾದದ್ದು ಸಂಜೆ.

ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವು, ಆ್ಯಸಿಡ್ ಮೊದಲು ತಿನ್ನುವುದು ಸತುವನ್ನು ಎಂದು ಮಕ್ಕಳಿಗೆ ಹೇಳಿಕೊಟ್ಟವಳು ನಾನೇ. ಎತ್ತಿ ನೋಡಿದರೆ ದೇವಿ ಇಟ್ಟಿಗೆಯ ಹಾಗೆ ಕೆಂಪಾಗಿದ್ದಳು. ಮೈಯೆಲ್ಲ ಸಣ್ಣ ಸಣ್ಣ ತೂತು, ಬೆನ್ನ ಗುಳಿಯ ಗುರುತೂ ಉಳಿದಿರಲಿಲ್ಲ. ಒರೆಸುವಾಗ ಸೌಟು ಹಿಡಿದ ಕೈ ಮುರಿದು ನನ್ನ ಅಂಗೈಗೆ ಬಂತು. ನಾನು ಬಚ್ಚಲಲ್ಲೇ ಕುಳಿತು ಅತ್ತುಬಿಟ್ಟೆ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಎರಡೂ ತುಂಡುಗಳನ್ನು ಹೊಸ ಕುಪ್ಪಸದ ಕಣದ ಬಟ್ಟೆಯಲ್ಲಿ ಸುತ್ತಿಟ್ಟರು. ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲ. ಮರುದಿನ ಸಂತೆಕಲ್ಲೂರಿಗೆ ಹೊರಡಲು ಚೀಲ ತುಂಬತೊಡಗಿದರು.

"ಓಪನಿಂಗ್ ನೀವು ಮಾಡ್ಕೋರೆವ್ವ. ಅಕಿ ಇಲ್ಲದ ಮನಿಗೆ ನಾ ಹೆಂಗ ಕಾಲಿಡ್ಲಿ?"

ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅತ್ತೆ ಹೊಸ್ತಿಲು ದಾಟದ ಮನೆ ನನಗೂ ಬೇಡವಾಗಿತ್ತು. "ಅತ್ತೀ, ಅದೇ ಹಿತ್ತಾಳಿ ಕರಗಿಸಿ ಅಕಿನ್ನ ತಿರುಗಿ ಮಾಡಿಸ್ಕೊಂಡು ಬರ್ತೀನಿ. ಅಲ್ಲೀತನಕ ಹೋಗಬ್ಯಾಡ್ರಿ," ಎಂದು ಚೀಲ ಕಿತ್ತಿಟ್ಟುಕೊಂಡೆ.

ಲಿಂಗಸುಗೂರಿನಲ್ಲಿ ಎರಕ ಹೊಯ್ಯುವ ಮೌನೇಶಪ್ಪ ಎಂಬವರಿದ್ದಾರೆಂದು ವಿಚಾರಿಸಿ ತಿಳಿದುಕೊಂಡೆ. ಫೋನು ಮಾಡಿದಾಗ, ಬರುವಾಗ ಒಂದು ಚೀಲ ಭತ್ತದ ಹೊಟ್ಟು ತನ್ನಿರಿ, ಮಣ್ಣಿಗೆ ಬೆರೆಸಬೇಕು ಎಂದರು. ಭಾನುವಾರ ಬೆಳಿಗ್ಗೆ ರೈಸ್‌ಮಿಲ್ಲಿನ ಹೊಟ್ಟಿನ ಚೀಲ ಕಾಲ ಬಳಿ, ದೇವಿ ಮಡಿಲಲ್ಲಿ, ಮಸ್ಕಿ ದಾಟಿ ಹೋಗುವ ಬಸ್ಸಿನಲ್ಲಿ ಕುಳಿತೆ. ಮೌನೇಶಪ್ಪ ತುಂಡುಗಳನ್ನು ತಿರುಗಿಸಿ ನೋಡಿ ನಕ್ಕರು.

"ಅಕಿ ಸತುವೆಲ್ಲ ತಗದೀರಿ ಬಿಡ್ರಿ. ನಾ ತಿರುಗಿ ಕೊಡ್ತೀನಿ. ಮಾರಿ ಹೆಂಗಿತ್ರಿ?"

ಅತ್ತೆಗೆ ಫೋನು ಹಚ್ಚಿದೆ. ತಾನು ಸೊಸೆಯಾಗಿ ಬಂದಾಗಲೇ ಮುಖ ಅರ್ಧ ಸವೆದಿತ್ತು, ಹೇಗಿತ್ತೋ ಗೊತ್ತಿಲ್ಲ ಎಂದರು. ಮುಖವನ್ನು ಮೌನೇಶಪ್ಪನವರ ಕೈಗೇ ಬಿಟ್ಟೆ. ಅವರು ಮೇಣದಲ್ಲಿ ದೇವಿಯನ್ನು ತಿದ್ದುವುದನ್ನು ಪಕ್ಕದಲ್ಲೇ ಕುಳಿತು ನೋಡಿದೆ. ಕಣ್ಣು, ಮೂಗು, ತುಸು ನಗುವ ತುಟಿ, ಸೌಟು, ಬೆನ್ನ ಮೇಲೆ ಹೆಣೆದ ಜಡೆ. ಮುಗಿದ ಮೇಲೆ ಮುಂದಿನಿಂದಲೂ ಹಿಂದಿನಿಂದಲೂ ಫೋಟೋ ತೆಗೆದುಕೊಂಡೆ. ಬೆನ್ನು ಪೂರ್ತಿ ನುಣುಪು. ಗುಳಿಯ ವಿಷಯ ಅವರಿಗೆ ನಾನು ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ ನನಗೇ ನೆನಪಿರಲಿಲ್ಲ.

ಮೇಣದ ಮೇಲೆ ಹುತ್ತದ ಮಣ್ಣಿನ ತೆಳು ಲೇಪ, ಅದು ಬಿಸಿಲಿಗೆ ಆರಿದ ಮೇಲೆ ಹೊಟ್ಟು ಬೆರೆಸಿದ ದಪ್ಪ ಮಣ್ಣು. ಸಾಲಾಗಿಟ್ಟ ಬೇರೆ ಅಚ್ಚುಗಳ ನಡುವೆ ನಮ್ಮದು ಅದಲುಬದಲಾದೀತೆಂದು, ಹಸಿ ಮಣ್ಣಿಗೆ ನನ್ನ ಶಾಲೆಯ ಬೀರುವಿನ ಕೀಲಿಯನ್ನು ಮೂರು ಕಡೆ ಒತ್ತಿ ಗುರುತು ಮಾಡಿದೆ. "ಟೀಚರ್ ಅಂದ್ರ ಟೀಚರ್ರೇ," ಎಂದರು ಮೌನೇಶಪ್ಪ.

ಮುಂದಿನ ಭಾನುವಾರ ಮತ್ತೆ ಹೋದೆ. ನನ್ನ ಕೀಲಿಯ ಮೂರು ಗುರುತೂ ಹಾಗೇ ಇದ್ದವು. ನನ್ನೆದುರೇ ಅಚ್ಚನ್ನು ಸಗಣಿ ಕುಳ್ಳಿನ ಬೆಂಕಿಯಲ್ಲಿಟ್ಟು ಒಳಗಿನ ಮೇಣ ಕರಗಿಸಿ ಇಳಿಸಿದರು. ನನ್ನೆದುರೇ ದೇವಿಯ ತುಂಡುಗಳು ಮೂಸೆಯಲ್ಲಿ ಕರಗಿದವು. ಸತುವು ಹಾಕಿದಾಗ ಬಿಳಿ ಹೊಗೆ ಎದ್ದಿತು. ಒಂದೇ ಉಸಿರಿನಲ್ಲಿ ಅಚ್ಚಿಗೆ ಹೊಯ್ದರು. ಮಟಮಟ ಮಧ್ಯಾಹ್ನ ಅಚ್ಚು ಆರಿದ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ಒಡೆದರು. ಮೊದಲು ಸೌಟು ಕಂಡಿತು, ಆಮೇಲೆ ಮುಖ. ಒಂದು ಬೆರಳೂ ಊನವಾಗಿರಲಿಲ್ಲ. ನಾನು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದೆ.

ಮೌನೇಶಪ್ಪ ಮೂರ್ತಿಯನ್ನು ತಿರುಗಿಸಿ ಬೆನ್ನನ್ನು ನನ್ನ ಕಡೆ ಹಿಡಿದರು. ಅಚ್ಚಿನಿಂದ ಹೊರಬಂದ ಹಿತ್ತಾಳೆ ಕಪ್ಪಾಗಿ, ಒರಟಾಗಿ ಇರುತ್ತದೆ. ಅರದಿಂದ ಉಜ್ಜಿದರೆ ಮಾತ್ರ ಹೊಳಪು. ಮೈಯೆಲ್ಲ ಹಾಗೇ ಇತ್ತು. ಆದರೆ ಬೆನ್ನ ಮೇಲೆ, ಜಡೆಯ ಪಕ್ಕದಲ್ಲಿ, ಒಂದು ಓರೆ ಗುಳಿ. ಅದಷ್ಟೇ ಜಾಗ ನುಣ್ಣಗೆ, ನಲವತ್ತು ವರ್ಷ ಹುಣಸೆಹಣ್ಣಿನಲ್ಲಿ ತಿಕ್ಕಿದಂತೆ ಬಂಗಾರದ ಬಣ್ಣಕ್ಕೆ ಹೊಳೆಯುತ್ತಿತ್ತು.

"ಇದು ನನ್ನ ಕೈ ಕೆಲಸ ಅಲ್ರಿ. ಹಿತ್ತಾಳಿ ಕಮ್ಮಿ ಬಿದ್ರ ತೂತ ಆಕ್ಕತಿ, ಹಿಂಗ ಆಗಂಗಿಲ್ಲ," ಎಂದರು. ಬೇಕಾದರೆ ತುಂಬಿಕೊಡುತ್ತೇನೆ ಎಂದೂ ಹೇಳಿದರು. ಬೇಡವೇ ಬೇಡ ಎಂದೆ. ಉಳಿದ ಮೈಯನ್ನಷ್ಟೇ ಅರ ಹಾಕಿ ಕೊಟ್ಟರು. ಬಸ್ಸಿನಲ್ಲಿ ನನ್ನ ಹೆಬ್ಬೆರಳನ್ನು ಗುಳಿಯಲ್ಲಿ ಇಟ್ಟು ನೋಡಿದೆ, ಹೇಗೆ ತಿರುಗಿಸಿದರೂ ಕೂರಲಿಲ್ಲ.

ಮನೆಗೆ ಬಂದು ಏನೂ ಹೇಳದೆ ಅತ್ತೆಯ ಕೈಗೆ ಕೊಟ್ಟೆ. ಅವರು ಮುಖವನ್ನು ನೋಡುವ ಮೊದಲೇ ಎಡಗೈ ತನ್ನ ಅಭ್ಯಾಸದಂತೆ ಬೆನ್ನನ್ನು ಹುಡುಕಿತು. ಓರೆ ಹೆಬ್ಬೆರಳು ಗುಳಿಯಲ್ಲಿ ಬರೋಬ್ಬರಿ ಕುಳಿತಿತು. ಅತ್ತೆಗೆ ಒಂಚೂರೂ ಆಶ್ಚರ್ಯವಾಗಲಿಲ್ಲ. ಆಮೇಲೆ ಮುಖ ನೋಡಿ, ಕಣ್ಣು ತುಂಬಿಕೊಂಡು ನಕ್ಕರು.

"ಅಕಿನೇ ಬಂದಾಳ. ಮಾರಿ ತೊಳಕೊಂಡು ಬಂದಾಳ ನೋಡು!"

ಓಪನಿಂಗಿನ ದಿನ ಹಲಗೆ ಬಾರಿಸುವವರು ಮುಂದೆ, ಜೋಳ ತುಂಬಿದ ಬಟ್ಟಲನ್ನು ತಲೆಯ ಮೇಲಿಟ್ಟುಕೊಂಡ ಅತ್ತೆ ಹಿಂದೆ. ಬಟ್ಟಲಲ್ಲಿ ಕುಳಿತ ಅನ್ನಪೂರ್ಣೆ ಬಿಸಿಲಿಗೆ ಹೊಳೆದ ಪರಿಗೆ ಓಣಿಯವರೆಲ್ಲ ಹೊರಬಂದು ನಿಂತರು. ಅತ್ತೆ ಹೊಸ್ತಿಲು ದಾಟಿದಾಗ ನಾನು ಯುದ್ಧ ಗೆದ್ದವಳ ಹಾಗೆ ಕೂಗಿದೆ. ಅಂದು ಉಂಡವರಿಗೆ ಲೆಕ್ಕವಿಲ್ಲ. ರೊಟ್ಟಿ ಸಾಲಲಿಲ್ಲ ಎಂದು ಯಾರೂ ಅನ್ನಲಿಲ್ಲ.

ಫೋಟೋ ಈಗಲೂ ನನ್ನ ಮೊಬೈಲಿನಲ್ಲಿದೆ. ಎಷ್ಟು ಹಿಗ್ಗಿಸಿದರೂ ಮೇಣದ ಬೆನ್ನು ನುಣುಪಾಗಿಯೇ ಕಾಣುತ್ತದೆ. ಮಣ್ಣು ಕುಸಿದಿರಬಹುದು, ಗಾಳಿ ಸಿಕ್ಕಿರಬಹುದು ಎಂದೆಲ್ಲ ಯೋಚಿಸಿದ್ದೇನೆ. ಗುಳಿಗೇನೋ ಒಂದು ಕಾರಣ ಸಿಕ್ಕೀತು, ಆ ಹೊಳಪಿಗೆ ಸಿಗುವುದಿಲ್ಲ. ಹೊಳಪಿಗೆ ಸಿಕ್ಕರೆ ಆ ಓರೆಗೆ ಸಿಗುವುದಿಲ್ಲ.

ಹೋದ ಶುಕ್ರವಾರ ಅತ್ತೆ, ಕೈ ಸೋಲುತ್ತದೆ ಎಂದು ಹುಣಸೆಹಣ್ಣಿನ ಬಟ್ಟಲನ್ನು ನನ್ನ ಮುಂದೆ ಸರಿಸಿದರು. ಆ್ಯಸಿಡ್ ಸುರಿದವಳ ಕೈಗೇ ದೇವಿಯನ್ನು ಕೊಟ್ಟರು. ಹೆಮ್ಮೆಯಿಂದ ಎದೆ ತುಂಬಿ ಬಂತು. ಬೆನ್ನಿಗೆ ಹೆಬ್ಬೆರಳು ಒತ್ತಿ ಹಿಡಿದೆ. ಈಗಲೂ ಗುಳಿಯಲ್ಲಿ ಕೂರಲಿಲ್ಲ, ಅಂಚು ಚುಚ್ಚಿತು. "ಅತ್ತೀ, ನನ್ನ ಬಟ್ಟು ಕೂಡವಲ್ದು," ಎಂದೆ.

"ಗಡಿಬಿಡಿ ಯಾಕ? ಇನ್ನಾ ನಲವತ್ತು ವರ್ಷ ಐತಿ," ಎಂದರು ಅತ್ತೆ. "ತಿಕ್ಕು."